ಮೂಗಣ್ಣ “ಏನೂ ಇಲ್ಲ” ಅಂದ ಮನೆಗಳು

ಮೂಗಣ್ಣನ ಮೂಗು ದೊಡ್ಡದೇನೂ ಅಲ್ಲ. ಅಳೆದು ನೋಡಿದರೆ ಸಾಧಾರಣ ಮೂಗು, ತುದಿಯಲ್ಲಿ ಸ್ವಲ್ಪ ಮೊಂಡು. ಗ್ಯಾಸ್ ಏಜೆನ್ಸಿಯಲ್ಲಿ ಇಪ್ಪತ್ತೆರಡು ವರ್ಷ ಮೆಕ್ಯಾನಿಕ್ ಆಗಿ ದುಡಿದವನಿಗೆ ಆ ಹೆಸರು ಬಂದದ್ದು ಗಾತ್ರದಿಂದಲ್ಲ, ಕೆಲಸದಿಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದುಕೊಂಡರೆ ಸಾಕು, ಗ್ಯಾಸ್ ಸೋರುತ್ತಿರುವುದು ರೆಗ್ಯುಲೇಟರಿನ ಹತ್ತಿರವೋ, ಪೈಪಿನ ಬಾಯಲ್ಲೋ, ಒಲೆಯ ನಾಬಿನ ಬುಡದಲ್ಲೋ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಒಂದು ಶಾಲೆಯ ಅಡುಗೆಕೋಣೆಯಲ್ಲಿ ಕಂಪನಿಯ ಎಂಜಿನಿಯರು ಮೀಟರು ಹಿಡಿದು ಅರ್ಧ ದಿನ ಸುತ್ತಿ, ಏನೂ ಸಿಗದೆ ಹೊರಟು ನಿಂತಿದ್ದ. ಇವನು ಬಂದವನೇ ಗೋಡೆಯೊಳಗೆ ಹೋದ ಪೈಪಿನ ತಿರುವಿನ ಮೇಲೆ ಬೆರಳಿಟ್ಟು ಇಲ್ಲಿ ಒಡೆಯಿರಿ ಎಂದ. ಒಡೆದರು. ಎಂಜಿನಿಯರು ಮೂಗಿನ ಮೇಲೆ ಬೆರಳಿಟ್ಟುಕೊಂಡ. ಅವತ್ತಿನಿಂದ ಇವನು ಮೂಗಣ್ಣ.

ನಿಯಮ ಬೇರೆಯೇ ಇದೆ. ಸೋಪಿನ ನೀರನ್ನು ನೊರೆ ಬರುವಂತೆ ಕಲಕಿ, ಬ್ರಷ್ಷಿನಿಂದ ಒಂದೊಂದು ಜೋಡಣೆಗೂ ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ಕಾಯಬೇಕು. ಗುಳ್ಳೆ ಎದ್ದರೆ ಸೋರಿಕೆ, ಏಳದಿದ್ದರೆ ಇಲ್ಲ. ಇದಕ್ಕೆ ಬುದ್ಧಿಯೂ ಬೇಡ, ಮೂಗೂ ಬೇಡ, ಹತ್ತು ನಿಮಿಷದ ತಾಳ್ಮೆ ಸಾಕು. ಮೂಗಣ್ಣನ ಚೀಲದಲ್ಲೂ ಏಜೆನ್ಸಿಯವರು ಕೊಟ್ಟ ಸೋಪಿನ ಬಾಟಲಿ ಇತ್ತು. ಕೆಲಸ ಮುಗಿದ ಮೇಲೆ ಅದರಲ್ಲಿ ಕೈ ತೊಳೆಯುತ್ತಿದ್ದ. ನೊರೆ ಹಚ್ಚುವುದು ನೆಗಡಿ ಹಿಡಿದವರ ಕೆಲಸ ಎಂದು ಉಳಿದ ಮೆಕ್ಯಾನಿಕ್‌ಗಳ ಮುಂದೆ ನಗಾಡುತ್ತಿದ್ದ. ಮನುಷ್ಯನಿಗೆ ಜಂಬ ಯಾವ ತೂತಿನಿಂದ ಬೇಕಾದರೂ ನುಗ್ಗುತ್ತದೆ. ಇವನಿಗೆ ಮೂಗಿನಿಂದ ನುಗ್ಗಿತ್ತು.

ಅವನ ನಲವತ್ನಾಲ್ಕನೇ ವಯಸ್ಸಿನಲ್ಲಿ ಅಣ್ಣ ಸತ್ತ. ಅಣ್ಣ ನಾಲ್ಕು ವರ್ಷಕ್ಕೆ ದೊಡ್ಡವನು. ಒಂದು ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಫೋನ್ ಮಾಡಿ, “ಯಾಕೋ ಉಸಿರು ಕಟ್ಟಿದ ಹಾಗಾಗ್ತಿದೆ ಕಣೋ, ಒಂದ್ಸಲ ಬಂದು ಹೋಗ್ತೀಯಾ?” ಎಂದಿದ್ದ. ಮೂಗಣ್ಣ ಆಗ ಒಂದು ಹೋಟೆಲಿನ ಹಿತ್ತಲಲ್ಲಿ ಹತ್ತು ಸಿಲಿಂಡರುಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದ. ಕಿಟಕಿ ತೆಗೆದು ಕೂತಿರು, ಮುಗಿಸಿ ಬರುತ್ತೇನೆ ಎಂದ. ಗ್ಯಾಸಿನವರು ಯಾವುದಕ್ಕೂ ಮೊದಲು ಹೇಳುವುದು ಅದನ್ನೇ, ಕಿಟಕಿ ತೆಗೀರಿ ಅಂತ. ಅವನು ಮುಗಿಸಿ ಹೋಗುವಷ್ಟರಲ್ಲಿ ಒಂದೂವರೆ. ಅತ್ತಿಗೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರಿನ ಕೆಲಸಕ್ಕೆ ಹೋಗಿದ್ದಳು. ಅಣ್ಣ ಕಿಟಕಿ ತೆಗೆದು, ಅದರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಕೂತಲ್ಲೇ ಹೋಗಿಬಿಟ್ಟಿದ್ದ. ತಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದ್ದ, ಪಾಪ.

ಅದೇ ವಾರ ಮೂಗಣ್ಣನಿಗೆ ನೆಗಡಿಯಾಯಿತು. ಊರಿಗೆಲ್ಲ ಆಗುವಂಥ ನೆಗಡಿ. ಮಧ್ಯಾಹ್ನ ಊಟಕ್ಕೆ ಕೂತಾಗ ಎರಡೂ ಹೊಳ್ಳೆ ಕಟ್ಟಿಕೊಂಡವು, ಬಾಯಲ್ಲಿ ತುತ್ತು ಇತ್ತು, ಉಸಿರು ಸಿಗಲಿಲ್ಲ. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎನ್ನುತ್ತಾರೆ. ಹೆದರಿದವನಿಗೆ ಅಷ್ಟೂ ಹೊಳೆಯುವುದಿಲ್ಲ. ಅವನ ಕಿವಿಯಲ್ಲಿ ಇದ್ದದ್ದು ಅಣ್ಣನ ಮಾತೊಂದೇ. ತಟ್ಟೆ ಬಿಟ್ಟೆದ್ದು ಮೆಡಿಕಲ್ ಶಾಪಿಗೆ ಓಡಿದ. ಅಂಗಡಿಯವನು ಹೆಬ್ಬೆರಳಿನ ಗಾತ್ರದ ಪ್ಲಾಸ್ಟಿಕ್ ಬಾಟಲಿ ಕೊಟ್ಟ. ಮೆಟ್ಟಿಲ ಮೇಲೇ ನಿಂತು, ತಲೆ ಹಿಂದಕ್ಕೆ ಚೆಲ್ಲಿ, ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಬಿಟ್ಟುಕೊಂಡ. ಗಂಟಲಿಗೆ ಕಹಿ ಇಳಿಯಿತು. ಒಂದು ನಿಮಿಷವಾಗಿರಬಹುದು, ಮೂಗು ತೆರೆಯಿತು. ತಣ್ಣನೆಯ ಗಾಳಿ ನೆತ್ತಿಯವರೆಗೂ ಹೋಯಿತು. ಬದುಕಿದೆ ಎಂದುಕೊಂಡ.

ಮೂರು ದಿನಕ್ಕಿಂತ ಹೆಚ್ಚು ಬಳಸಬಾರದು ಎಂದು ಬಾಟಲಿಯ ಮೇಲೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಯಾರು ಓದುತ್ತಾರೆ! ಆ ಹನಿಯ ಗುಣವೇ ಹಾಗೆ. ಮೂಗನ್ನು ಗಕ್ಕನೆ ತೆರೆಯುತ್ತದೆ, ಅದರ ಜೋರು ಇಳಿದ ಮೇಲೆ ಮೂಗು ಮೊದಲಿಗಿಂತ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಆಗ ಮತ್ತೆರಡು ಹನಿ ಬೇಕು. ನೆಗಡಿ ಐದನೇ ದಿನಕ್ಕೆ ಹೋಯಿತು, ಹನಿ ಹೋಗಲಿಲ್ಲ. ಮೊದಲ ವರ್ಷ ದಿನಕ್ಕೆ ಮೂರು ಸಲ, ಎರಡನೇ ವರ್ಷ ಆರು ಸಲ. ಈಗ ನಾಲ್ಕನೇ ವರ್ಷ, ಎರಡು ಗಂಟೆಗೊಮ್ಮೆ. ಕುಡಿತ ಮುಟ್ಟದವನು, ಬೀಡಿ ಸೇದದವನು, ಎಲೆ ಅಡಿಕೆ ಜಗಿಯದವನು. ಏಜೆನ್ಸಿಯಲ್ಲಿ ಚಟ ಇಲ್ಲದ ಮನುಷ್ಯ ಯಾರು ಅಂದರೆ ಇವನ ಕಡೆಗೆ ಕೈ ತೋರಿಸುತ್ತಿದ್ದರು.

ಬಾಟಲಿ ಇಲ್ಲದ ಜಾಗವೇ ಇರಲಿಲ್ಲ. ಷರ್ಟಿನ ಜೇಬಿನಲ್ಲಿ ಒಂದು, ಸ್ಕೂಟರಿನ ಡಬ್ಬಿಯಲ್ಲಿ ಒಂದು, ವಾಷರುಗಳ ಡಬ್ಬದಲ್ಲಿ ಒಂದು, ಬಚ್ಚಲಿನಲ್ಲಿ ಕ್ಷೌರದ ಸಾಮಾನಿನ ಹಿಂದೆ ಒಂದು, ಟೀವಿಯ ಹಿಂದೆ ಒಂದು. ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಮೆಡಿಕಲ್ ಶಾಪು ಗೊತ್ತು ಮಾಡಿಕೊಂಡಿದ್ದ, ಒಂದೇ ಕಡೆ ಪದೇ ಪದೇ ಮುಖ ತೋರಿಸಬಾರದಲ್ಲ. ಅದರಲ್ಲೊಬ್ಬ, ಏನಣ್ಣಾ, ನಿಮ್ಮ ಮನೇಲಿ ಎಷ್ಟು ಮೂಗಿದೆ ಎಂದು ತಮಾಷೆಗೆ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವನು ಮೂಗು ಮುಟ್ಟಿಕೊಂಡು ಹೊರಗೆ ಬಂದ. ಆ ಅಂಗಡಿಯ ಬೀದಿಯನ್ನೇ ಬಿಟ್ಟುಬಿಟ್ಟ. ದೂರದ ಬಸ್ಸು ಹತ್ತುವುದನ್ನು ಬಿಟ್ಟ. ಲಿಫ್ಟಿನೊಳಗೆ ಕಾಲಿಡುವುದನ್ನು ಬಿಟ್ಟ. ಸಾಮಾನಿನ ಚೀಲ ಹೊತ್ತು ಆರು ಮಹಡಿ ಹತ್ತಿ, ಮೇಲೆ ನಿಂತು ಏದುಸಿರು ಬಿಟ್ಟು, ಆ ಏದುಸಿರಿಗೇ ಮತ್ತೆ ಹೆದರಿ ಹನಿ ಹಾಕಿಕೊಳ್ಳುತ್ತಿದ್ದ. ಸಿನಿಮಾ, ನೆಂಟರ ಮನೆ, ಸಂಜೆಯ ಕಟ್ಟೆ ಹರಟೆ, ಒಂದೊಂದಾಗಿ ಎಲ್ಲವೂ ಹೋದವು. ಅಣ್ಣನ ಮನೆಯ ದಾರಿಯಂತೂ ಮೊದಲೇ ಹೋಗಿತ್ತು. ಅತ್ತಿಗೆ ಫೋನ್ ಮಾಡಿದಾಗಲೆಲ್ಲ ಕೆಲಸ, ಕೆಲಸ ಎನ್ನುತ್ತಿದ್ದ. ಆ ಕಿಟಕಿ, ಆ ಕುರ್ಚಿ ನೋಡುವ ಧೈರ್ಯ ಅವನಿಗಿರಲಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು. ಹೇಳುವವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಣ್ಣ ಬದುಕಿದ್ದು ನಲವತ್ತೆಂಟು ವರ್ಷ ಎರಡು ತಿಂಗಳು. ತಾನೂ ಅಲ್ಲಿಯವರೆಗೆ ಎಂದು ಮೂಗಣ್ಣ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದ. ಅದನ್ನು ದಾಟಿದರೆ ತಾನು ಅಣ್ಣನಿಗಿಂತ ದೊಡ್ಡವನಾಗುತ್ತೇನೆ. ಅದು ಹೇಗೆ ಸಾಧ್ಯ? ತಮ್ಮ ಎಲ್ಲಾದರೂ ಅಣ್ಣನಿಗಿಂತ ದೊಡ್ಡವನಾಗುತ್ತಾನೆಯೇ?

ಇಷ್ಟರಲ್ಲಿ ವಾಸನೆ ಹೊರಟುಹೋಯಿತು. ಒಂದೇ ದಿನ ಹೋದದ್ದಲ್ಲ, ಬಾಡಿಗೆದಾರ ಸಾಮಾನು ಸಾಗಿಸುವ ಹಾಗೆ ಸ್ವಲ್ಪ ಸ್ವಲ್ಪವೇ ಹೋಯಿತು. ಮೊದಲು ಹೂವು, ಸೋಪು, ಆಮೇಲೆ ಕಾಫಿ, ಆಮೇಲೆ ಬೆವರು, ಪೆಟ್ರೋಲು, ಎಂಟು ತಿಂಗಳ ಹಿಂದೆ ಗ್ಯಾಸೂ. ಒಂದು ಭಾನುವಾರ ಬೆಳಗ್ಗೆ ಅವನು ಪೇಪರು ಓದುತ್ತಾ ಕೂತಿದ್ದ. ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು. ಕೆಳಗಿಳಿದು ಬಂದು ನೋಡಿದರೆ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗಿ, ಮನೆಯೆಲ್ಲ ಹೊಗೆ. ಹತ್ತಡಿ ದೂರದಲ್ಲಿ ಊರಿಗೇ ಹೆಸರಾದ ಮೂಗು ಪೇಪರಿನ ಹಿಂದೆ ಹಾಯಾಗಿ ಕೂತಿತ್ತು.   ಅವಳು ಅವನ ಮುಖ ನೋಡಿ, ಪಾತ್ರೆ ಎತ್ತಿಕೊಂಡು ಹೋದಳು.

ಹೆಂಡತಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಬಿಸಿ ಕಾಗದ, ಕಪ್ಪು ಪುಡಿ. ಮದುವೆಯಾದ ಹೊಸತರಿಂದ ಅವಳು ಸಂಜೆ ಮನೆಗೆ ಬಂದರೆ ಇವನು ಅವಳ ಜಡೆ ಮೂಸಿ, ಇವತ್ತು ಪರೀಕ್ಷೆ ಹಾಲ್ ಟಿಕೆಟ್ಟಿನ ರಶ್ಶು, ಇವತ್ತು ಮಿಷನ್ನು ಕೆಟ್ಟಿತ್ತು ಎಂದು ಕಣಿ ಹೇಳುವನು. ಹೆಚ್ಚುಕಮ್ಮಿ ಸರಿಯಾಗೇ ಇರುತ್ತಿತ್ತು. ಅವಳು ಹೋಗ್ರೀ ಎಂದು ತಳ್ಳುವಳು. ತಳ್ಳುವುದಕ್ಕೆಂದೇ ಹತ್ತಿರ ನಿಲ್ಲುವಳು. ಎರಡು ವರ್ಷದಿಂದ ಆ ಕಣಿ ನಿಂತಿತ್ತು. ಬೀದಿಯ ತಿರುವಿನಲ್ಲೇ ಇವತ್ತಿನ ಅಡುಗೆ ಏನೆಂದು ಹೇಳುತ್ತಿದ್ದವನು ಈಗ ತಟ್ಟೆಗೆ ಬಿದ್ದದ್ದನ್ನು ಮಾತಿಲ್ಲದೆ ತಿಂದು ಏಳುತ್ತಿದ್ದ, ಎದ್ದವನೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಅವಳು ಮೊದಮೊದಲು ಕೇಳಿದಳು. ಏನಿಲ್ಲ ಎಂದ. ಆಮೇಲೆ ಕೇಳುವುದನ್ನು ಬಿಟ್ಟಳು. ಒಂದೇ ಮನೆಯಲ್ಲಿ ಇಬ್ಬರು, ಇಬ್ಬರೂ ಒಂಟಿ.

ಕೆಲಸದಲ್ಲಿ ಏನು ಮಾಡುತ್ತಿದ್ದ ಎನ್ನುತ್ತೀರಾ? ನಾಟಕ ಮಾಡುತ್ತಿದ್ದ. ಗ್ಯಾಸ್ ವಾಸನೆ ಎಂದು ಕರೆದವರ ಅಡುಗೆಮನೆ ಬಾಗಿಲಲ್ಲಿ ಎಂದಿನಂತೆ ನಿಂತು, ಕಣ್ಣು ಮುಚ್ಚಿ, ಎದೆ ಉಬ್ಬುವಂತೆ ಉಸಿರೆಳೆದು, ನಿಮಗೆ ಎಲ್ಲಿಂದ ಬರ್ತಿದೆ ಅನ್ಸುತ್ತಮ್ಮಾ ಎಂದು ಪರೀಕ್ಷೆ ಮಾಡುವವನ ಹಾಗೆ ಕೇಳುತ್ತಿದ್ದ. ಅವರು ಒಲೆ ಕಡೆಯಿಂದ ಅಂದರೆ ಭೇಷ್ ಎಂಬಂತೆ ತಲೆಯಾಡಿಸಿ ಒಲೆ ಬಿಚ್ಚುತ್ತಿದ್ದ. ಮನೆಯವರು ಆಚೆ ಹೋದರೆ ಅವಸರದಲ್ಲಿ ಕದ್ದು ನೊರೆ ಹಚ್ಚಿ ನೋಡುತ್ತಿದ್ದ. ಎದುರಿಗೇ ನಿಂತಿದ್ದರೆ ಅದೂ ಇಲ್ಲ. ಮೂಗಣ್ಣ ನೊರೆ ಹಚ್ಚಿದ ಎಂಬ ಸುದ್ದಿ ಏಜೆನ್ಸಿಗೆ ಹೋದರೆ ಮುಖ ಎಲ್ಲಿಡುವುದು? ನಮಗೆ ಸರಿಯಾಗಿ ಗೊತ್ತಾಗ್ತಿಲ್ಲ, ನೀವೇ ನೋಡಿ ಎಂದು ಕೈಕಟ್ಟಿ ನಿಂತವರ ಮನೆಯಲ್ಲಿ ಅವನಿಗೆ ಉಳಿದ ದಾರಿ ಒಂದೇ. ಪೈಪು ನೋಡುವನು, ನಾಬು ತಿರುಗಿಸುವನು, ಮತ್ತೊಮ್ಮೆ ಉಸಿರೆಳೆಯುವನು. “ಏನೂ ಇಲ್ಲಮ್ಮಾ. ಹಳೇ ವಾಸನೆ ನಿಂತಿರುತ್ತೆ ಅಷ್ಟೆ.” ಕಂಪ್ಲೇಂಟ್ ಪುಸ್ತಕದಲ್ಲೂ ಅದನ್ನೇ ಬರೆದು ಸಹಿ ಹಾಕಿಸಿಕೊಂಡು ಬರುವನು. ಅಂಥ ದಿನ ಫೈರ್ ಎಂಜಿನ್ನಿನ ಸದ್ದು ಕೇಳಿದರೆ ಸ್ಕೂಟರ್ ನಿಲ್ಲಿಸಿ, ಅದು ಯಾವ ಕಡೆ ತಿರುಗುತ್ತದೆಂದು ನೋಡುವನು. ಬೇರೆ ಕಡೆ ತಿರುಗಿದರೆ ಎರಡು ಹನಿ ಹಾಕಿಕೊಂಡು ಮುಂದೆ ಹೋಗುವನು. ತನ್ನ ಉಸಿರಿಗೆ ಅಷ್ಟು ಹೆದರುವವನು ಊರವರ ಉಸಿರಿನ ಮೇಲೆ ಹೀಗೆ ಜೂಜಾಡುತ್ತಿದ್ದ.

ಒಂದು ಬೆಳಗ್ಗೆ ಅತ್ತಿಗೆಯ ಫೋನು ಬಂತು. ಎರಡು ದಿನದಿಂದ ಗ್ಯಾಸ್ ವಾಸನೆ, ಕಿಟಕಿ ಮುಚ್ಚಿದರೆ ಜಾಸ್ತಿ, ರೆಗ್ಯುಲೇಟರ್ ಆರಿಸಿಟ್ಟಿದ್ದೇನೆ, ಏಜೆನ್ಸಿಗೆ ಹೇಳುವುದೋ ನೀನೇ ಬರುತ್ತೀಯೋ ಎಂದಳು. ಏಜೆನ್ಸಿಗೆ ಹೇಳಿ ಎನ್ನಲು ಬಾಯಿ ಬರಲಿಲ್ಲ. ಹೋದ. ಮೆಟ್ಟಿಲ ಕೆಳಗೆ ನಿಂತು ಹನಿ ಹಾಕಿಕೊಂಡು ಒಳಗೆ ಹೋದ. ಕಿಟಕಿ ಅಲ್ಲೇ ಇತ್ತು, ಪಕ್ಕದಲ್ಲಿ ಕುರ್ಚಿ ಇರಲಿಲ್ಲ. ನೋಡಬಾರದು ಎಂದುಕೊಂಡೇ ನೋಡಿದ.

ಅಡುಗೆಮನೆಯಲ್ಲಿ ರೆಗ್ಯುಲೇಟರ್ ತಿರುಗಿಸಿ ಗ್ಯಾಸ್ ಬಿಟ್ಟು, ಬಾಗಿಲಿಗೆ ಬಂದು ನಿಂತು ಉಸಿರೆಳೆದ. ಬರಿ ಗಾಳಿ. ಎಲ್ಲಿಂದ ಬರ್ತಿದೆ ಅನ್ಸುತ್ತೆ ಅತ್ತಿಗೆ ಎಂದು ಎಂದಿನ ಪರೀಕ್ಷೆ ಹಾಕಿದ. ನೀನೇ ಹೇಳಪ್ಪಾ, ಮೂಗು ನಿನ್ನದು ಎಂದು ಅವಳು ಎದುರಿಗೆ ನಿಂತುಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಆ ಮೂಗಿನ ಪ್ರತಾಪ ನೋಡಿದವಳು. ಅವಳ ಕಣ್ಣೆದುರಿಗೆ ಚೀಲದಿಂದ ಸೋಪು ತೆಗೆಯಲು ಕೈ ಹೋಗಲಿಲ್ಲ. ಪೈಪು ನೋಡಿದ, ನಾಬು ತಿರುಗಿಸಿದ, ಇನ್ನೊಮ್ಮೆ ಉಸಿರೆಳೆದ.

“ಏನೂ ಇಲ್ಲ ಅತ್ತಿಗೆ.”

“ನಂಗ್ಯಾಕೋ ಈಗಲೂ ಬರ್ತಾ ಇದೆ ಅನ್ಸುತ್ತೆ,” ಎಂದಳು ಅತ್ತಿಗೆ. “ಇರ್ಲಿ, ನಿನ್ನ ಮೂಗಿನ ಮುಂದೆ ನಂದೇನು. ಕೂತ್ಕೋ, ಕಾಫಿ ಮಾಡ್ತೀನಿ.” ಮೂಗಣ್ಣ ನಡುಮನೆಗೆ ಬಂದು ನಿಂತ. ಅತ್ತಿಗೆ ಪಾತ್ರೆಗೆ ನೀರು ಹಿಡಿದು ಒಲೆಯ ಮೇಲಿಟ್ಟಳು. ನಾಬಿನ ಮೇಲೆ ಎಡಗೈ ಇಟ್ಟು, ಬಲಗೈಯಲ್ಲಿ ಲೈಟರ್ ತೆಗೆದುಕೊಂಡಳು.

ಮೂಗಣ್ಣ ಏಳು ಹೆಜ್ಜೆ ದೂರವನ್ನು ಎರಡು ಹೆಜ್ಜೆಯಲ್ಲಿ ದಾಟಿ ಅವಳ ಮುಂಗೈ ಹಿಡಿದ. ಲೈಟರ್ ನೆಲಕ್ಕೆ ಬಿತ್ತು. ಅಷ್ಟು ವರ್ಷದಲ್ಲಿ ಅತ್ತಿಗೆಯ ಕೈ ಮುಟ್ಟಿದವನೇ ಅಲ್ಲ.

“ಹಚ್ಚಬೇಡಿ. ನಂಗೆ ವಾಸನೆ ಬರಲ್ಲ ಅತ್ತಿಗೆ. ಯಾವ ವಾಸನೆನೂ ಬರಲ್ಲ.”

ಹೇಳಿದವನೇ ನೆಲದ ಮೇಲೆ ಕೂತ. ರೆಗ್ಯುಲೇಟರ್ ಆರಿಸಿದ್ದು ಅತ್ತಿಗೆಯೇ, ಕಿಟಕಿ ಪೂರ್ತಿ ತೆಗೆದದ್ದೂ ಅವಳೇ. ಸ್ವಲ್ಪ ಹೊತ್ತು ಬಿಟ್ಟು ಅವನು ಎದ್ದು, ಇನ್ನೊಮ್ಮೆ ರೆಗ್ಯುಲೇಟರ್ ತಿರುಗಿಸಿ, ಅವಳ ಎದುರಿಗೇ ಸೋಪು ಕಲಕಿ ಹಚ್ಚಿದ. ಪೈಪಿನ ಬಾಯಲ್ಲಿ ಗುಳ್ಳೆ ಎದ್ದಿತು. ನಿಂಬೆಹಣ್ಣಿನಷ್ಟಾಗಿ ಒಡೆಯಿತು, ಹಿಂದೆಯೇ ಇನ್ನೊಂದು ಎದ್ದಿತು. ಮೂಗಣ್ಣ ರೆಗ್ಯುಲೇಟರ್ ಆರಿಸಿ ಪೈಪು ಬದಲಾಯಿಸಿದ.

ಆಮೇಲೆ ಎಲ್ಲ ಹೇಳಿದ. ಹನಿ, ಬಾಟಲಿಗಳು, ನಾಲ್ಕು ಮೆಡಿಕಲ್ ಶಾಪು, ಅಣ್ಣನ ಫೋನು, ಕಿಟಕಿ ತೆಗೆ ಎಂದದ್ದು, ನಲವತ್ತೆಂಟು ವರ್ಷ ಎರಡು ತಿಂಗಳು. ಅಳುತ್ತಾ ಹೇಳಿದ, ಅತ್ತರೆ ಮೂಗು ಕಟ್ಟುತ್ತದೆ, ಕಟ್ಟಿದರೆ ಹೆದರಿಕೆ, ನಡುವೆ ಜೇಬಿಗೆ ಕೈ ಹಾಕಿ ಎರಡು ಹನಿ ಬಿಟ್ಟುಕೊಂಡೇ ಹೇಳಿದ. ಅತ್ತಿಗೆ ಸಮಾಧಾನ ಹೇಳುವ ಹೆಂಗಸಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಕೂತು ಯಾವುದನ್ನು ಮೊದಲು ಕೇಳಬೇಕೆಂಬುದು ಅವಳಿಗೆ ಗೊತ್ತು.

“ಇದೇ ಥರ ಎಷ್ಟು ಮನೇಲಿ ಏನೂ ಇಲ್ಲ ಅಂದಿದ್ದೀಯ?”

ಮೂಗಣ್ಣ ಕಂಪ್ಲೇಂಟ್ ಪುಸ್ತಕ ತೆಗೆದ. ಎಂಟು ತಿಂಗಳಲ್ಲಿ ನೊರೆಯೂ ಹಚ್ಚದೆ, ವಾಸನೆಯೂ ಬಾರದೆ, ಬರೀ ಜಂಬದ ಮೇಲೆ “ಏನೂ ಇಲ್ಲ” ಎಂದು ಬರೆದ ಮನೆ ಹನ್ನೊಂದು. ಅತ್ತಿಗೆ ಹನ್ನೊಂದು ವಿಳಾಸವನ್ನೂ ತನ್ನ ಕೈಯಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟಳು. ಅವತ್ತೇ ತನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂಗಿನ ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರು ದೀಪ ಹಾಕಿ ನೋಡಿ, ಮೂರು ದಿನದ್ದನ್ನು ನಾಲ್ಕು ವರ್ಷ ಹಾಕಿದ್ದೀರಲ್ಲ ಮಾರಾಯರೇ ಎಂದರು. ಎರಡೂ ಹೊಳ್ಳೆಗೆ ಹನಿಯನ್ನು ಒಟ್ಟಿಗೆ ನಿಲ್ಲಿಸಲಾಗದಿದ್ದರೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತಾನಾಗಿ ತೆರೆದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿ ಎಂದರು. ಸತ್ತುಹೋದರೆ ಎಂದು ಇವನು ಕೇಳಿದ. ಕಟ್ಟಿದ ಮೂಗಿನಿಂದ ಯಾರೂ ಸತ್ತದ್ದನ್ನು ನಾನಂತೂ ನೋಡಿಲ್ಲ, ನಿಮ್ಮಣ್ಣನದು ಹೃದಯ, ನಿಮ್ಮದು ಹೆದರಿಕೆ ಎಂದರು. ವಾಸನೆ ಮರಳಿ ಬರುತ್ತದೆಯೇ ಎಂಬುದಕ್ಕೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೋಡೋಣ ಎಂದರು.

ಸಂಜೆ ಹೆಂಡತಿಗೆ ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ಎದ್ದು, ಟೀವಿಯ ಹಿಂದಿನ ಬಾಟಲಿ, ಬಚ್ಚಲಿನ ಬಾಟಲಿ ಎರಡನ್ನೂ ತಂದು ಅವನ ಮುಂದಿಟ್ಟಳು. ಯಾವತ್ತೋ ನೋಡಿದ್ದಳು, ಏನೋ ಕಿವಿಗೆ ಹಾಕುವುದು ಎಂದುಕೊಂಡಿದ್ದಳು.

“ಎರಡು ವರ್ಷ ನಿಮಗೆ ನನ್ನ ಮೇಲೆ ಮನಸ್ಸಿಲ್ಲ ಅಂದ್ಕೊಂಡಿದ್ದೆ ರೀ,” ಎಂದಳು. “ಮೂಗಿಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

 ಎಡಗಡೆ ಹೊಳ್ಳೆಗೆ ಹನಿ ನಿಲ್ಲಿಸುತ್ತೇನೆ ಎಂದಷ್ಟೇ ಹೇಳಿದ.

ಮರುದಿನ ಮ್ಯಾನೇಜರಿಗೂ ಹೇಳಿದ. ಮ್ಯಾನೇಜರು ಬಾಗಿಲು ಮುಂದೆ ಮಾಡಿ ಬಂದು ಕೂತ. ನಾಳೆಯಿಂದ ನೊರೆ ಇಲ್ಲದೆ ಕೆಲಸ ಮಾಡಿದರೆ ಮನೆಗೆ ಹೋಗಬೇಕಾಗುತ್ತದೆ ಎಂದು ಗದರಿದ. ಹನ್ನೊಂದು ಮನೆಯ ಹಾಳೆ ನೋಡಿ ಬೆವರೊರೆಸಿಕೊಂಡ. ಊರೆಲ್ಲ ಡಂಗುರ ಹೊಡೀಬೇಡ, ಏಜೆನ್ಸಿಯಿಂದ ಉಚಿತ ತಪಾಸಣೆ ಎಂದು ಹೇಳಿ ಹೋಗು, ನೊರೆ ಹಚ್ಚಿ ನೋಡು, ಸೋರಿದರೆ ಸರಿ ಮಾಡಿ ಬಾ, ಬಾಯಿ ಮಾತ್ರ ಬಿಡಬೇಡ ಎಂದು ಹೇಳಿಕೊಟ್ಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೂಗಣ್ಣನಿಗೆ ಹ್ಞೂಂ ಅನ್ನಲು ಒಂದು ಗಳಿಗೆಯೂ ಬೇಕಾಗಲಿಲ್ಲ.

ಮೂರು ದಿನದಲ್ಲಿ ಆರು ಮನೆ ಮುಗಿದವು. ಉಚಿತ ತಪಾಸಣೆ ಅಂದರೆ ಯಾರು ಬೇಡ ಅನ್ನುತ್ತಾರೆ! ಮೂಗಣ್ಣನ ಕೈಯಲ್ಲಿ ಸೋಪು ನೋಡಿ ಒಂದಿಬ್ಬರು ಹುಬ್ಬೇರಿಸಿದರು. ಹೊಸ ರೂಲು ಬಂದಿದೆ ಎಂದ. ನಾಲ್ಕು ಮನೆಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಎರಡು ಕಡೆ ಸಣ್ಣ ಗುಳ್ಳೆ ಎದ್ದವು. ವಾಷರ್ ಬದಲಾಯಿಸಿ, ಹಳೆಯದಾಗಿತ್ತು ಎಂದು ಹೇಳಿ ಬಂದ. ಕಾಫಿಯನ್ನೂ ಕೊಟ್ಟರು. ಎಡಗಡೆ ಹೊಳ್ಳೆ ಗೋಡೆಯ ಹಾಗೆ ಮುಚ್ಚಿಕೊಂಡೇ ಇತ್ತು. ಬಲಗಡೆಗೆ ಎರಡು ಗಂಟೆಗೊಮ್ಮೆ ಹನಿ. ಒಂದೊಂದು ಸಲ ಕೈ ತಾನಾಗಿ ಎಡಕ್ಕೂ ಹೋಗುವುದು, ಎಳೆದುಕೊಳ್ಳುವುದು. ಸಾಯಲಿಲ್ಲ. ಈ ಥರ ಹನ್ನೊಂದೂ ಮುಗಿದುಹೋದರೆ ಸಾಕಪ್ಪಾ ಎಂದುಕೊಂಡ.

ಏಳನೆಯದು ಎರಡನೇ ಮಹಡಿಯ ಮನೆ. ಬಾಗಿಲು ತೆಗೆದದ್ದು ಆ ಮನೆಯ ಅತ್ತೆ, ಅರವತ್ತರ ಆಸುಪಾಸಿನ ಹೆಂಗಸು. ಓ ಮೂಗಣ್ಣನಾ, ಬಾರಪ್ಪಾ ಎಂದು ಆದರದಿಂದ ಕರೆದಳು. ಅಡುಗೆಮನೆಗೆ ಹೋಗಿ ನೋಡಿದರೆ ಹೊಸ ಒಲೆ, ಹೊಸ ಪೈಪು. ಒಲೆಯ ಹಿಂದಿನ ಗೋಡೆಗೆ ಸುಣ್ಣ ಹೊಡೆದಿದ್ದರು, ಆದರೂ ಸುಣ್ಣದ ಕೆಳಗಿಂದ ಕಪ್ಪು ಎದ್ದು ಕಾಣುತ್ತಿತ್ತು. ಕಿಟಕಿಗೆ ಪರದೆ ಇರಲಿಲ್ಲ, ಅದರ ಕಂಬಿ ಮಾತ್ರ ಇತ್ತು. ಮೂಗಣ್ಣ ಚೀಲ ಕೆಳಗಿಟ್ಟ.

ಏನಾಯ್ತಮ್ಮಾ ಎಂದ. ಏನು ಹೇಳಲಪ್ಪಾ ಎಂದು ಅತ್ತೆ ಶುರು ಮಾಡಿದಳು. ನೀನು ಬಂದು ನೋಡಿಕೊಂಡು ಹೋಗಿ ನಾಲ್ಕು ದಿನವೂ ಆಗಿರಲಿಲ್ಲ, ಬೆಳಗ್ಗೆ ಸೊಸೆ ಒಲೆ ಹಚ್ಚಲು ಹೋದಳು, ಭಗ್ ಅಂತು. ಪುಣ್ಯ, ಜೀವ ಉಳಿಯಿತು, ಕೈ ಮಾತ್ರ ಬೆಂದಿತು. ನಾವೇನೋ ಗ್ಯಾಸೇ ಸೋರುತ್ತಿತ್ತೇನೋ ಅಂದುಕೊಂಡೆವು. ಆದರೆ ಮೂಗಣ್ಣ ಬಂದು ಏನೂ ಇಲ್ಲ ಅಂದಮೇಲೆ ಇನ್ನೆಲ್ಲಿಯ ಸೋರಿಕೆ? ರಾತ್ರಿ ನಾಬು ಆರಿಸದೆ ಮಲಗಿದ್ದಾಳೆ, ಅಷ್ಟೇ. ಮೈಮೇಲೆ ಪ್ರಜ್ಞೆ ಇದ್ದರಲ್ಲವೇ! ಅದಕ್ಕೇ ಏಜೆನ್ಸಿಗೂ ಹೇಳಲಿಲ್ಲ, ನಮ್ಮ ತಪ್ಪಿಗೆ ಯಾರನ್ನು ಕೇಳುವುದು? ನನ್ನ ಮಗನಂತೂ ಐದು ತಿಂಗಳಾಯಿತು, ಇವಳಿಗೆ ಒಲೆ ಮುಟ್ಟಲು ಬಿಟ್ಟಿಲ್ಲ, ಮಗೂನೂ ಒಬ್ಬಳ ಕೈಗೆ ಕೊಡುವುದಿಲ್ಲ. ಮನೆ ಸುಡುವವಳು ಎಂದೇ ಕರೆಯುತ್ತಾನೆ.

ಇಷ್ಟು ಹೇಳುವ ಹೊತ್ತಿಗೆ ಸೊಸೆ ನೀರು ತಂದಳು. ಮೂವತ್ತು ಇರಬಹುದು. ಲೋಟ ಎಡಗೈಯಲ್ಲಿತ್ತು. ಬಲಗೈ ಸೆರಗಿನೊಳಗಿತ್ತು, ಅತ್ತೆ ತೋರಿಸೇ ಎಂದಾಗ ತೆಗೆದಳು. ಬೆರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಬಿಗಿದು, ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅವಳು ಮೂಗಣ್ಣನ ಮುಖ ನೋಡಲಿಲ್ಲ. “ನಿಮ್ಮನ್ನ ಸುಮ್ನೆ ಕರೆಸಿ ತೊಂದರೆ ಕೊಟ್ಟೆ ಅಣ್ಣಾ, ಅವತ್ತು,” ಎಂದಳು.

ಮೂಗಣ್ಣನಿಗೆ ನೆನಪಾಯಿತು. ಅವತ್ತು ಇವಳೇ ಎದುರಿಗೆ ನಿಂತಿದ್ದವಳು. ಬರ್ತಾ ಇದೆ ಅಣ್ಣಾ, ಸಣ್ಣಗೆ ಬರ್ತಾ ಇದೆ ಎಂದು ಎರಡು ಸಲ ಹೇಳಿದ್ದಳು. ಎಲ್ಲಿಂದ ಅಂದರೆ ಹೇಳಲಾರದೆ ಹೋಗಿದ್ದಳು. ಇವನು ನಕ್ಕಿದ್ದ. ಹಳೇ ವಾಸನೆ ಎಂದಿದ್ದ.

ಆ ಕ್ಷಣಕ್ಕೆ ಬಲಗಡೆ ಹೊಳ್ಳೆಯೂ ಕಟ್ಟಿತು. ಹನಿಯ ಹೊತ್ತು ಆಗಿತ್ತೋ, ಹೆದರಿಕೆಗೋ, ಅಂತೂ ಎರಡೂ ಮುಚ್ಚಿದವು. ಕೈ ಜೇಬಿಗೆ ಹೋಯಿತು. ಬಚ್ಚಲು ಎಲ್ಲಿ ಎಂದು ಕೇಳಿದರೆ ಆಯಿತು, ಎರಡು ಹನಿ, ಹೊರಗೆ ಬಂದು ಹೊಸ ಪೈಪಿಗೆ ನೊರೆ ಹಚ್ಚಿ, ಎಲ್ಲ ಸರಿ ಇದೆ ಎಂದು ಸಹಿ ಹಾಕಿಸಿಕೊಂಡು ಹೊರಟರೆ ಆಯಿತು. ಯಾರಿಗೂ ಏನೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಮ್ಯಾನೇಜರು ಹೇಳಿಕೊಟ್ಟದ್ದು ಇಂಥ ಹೊತ್ತಿಗೇ. ಕೆಲಸ ಹೋದೀತು, ಪೊಲೀಸು ಬಂದಾರು, ಪೇಪರಿನಲ್ಲಿ ಬಂದೀತು. ಸೊಸೆ ಲೋಟ ವಾಪಸು ಕೊಡಲಿ ಎಂದು ಎಡಗೈ ಚಾಚಿ ನಿಂತಿದ್ದಳು.

ಅವನು ಜೇಬಿನಿಂದ ಕೈ ತೆಗೆದ. ಬಾಯಿ ತೆರೆದು, ಬಾಯಲ್ಲೇ ಉಸಿರೆಳೆದುಕೊಂಡ.

“ಅಮ್ಮಾ, ನಿಮ್ಮ ಸೊಸೆ ತಪ್ಪಿಲ್ಲ. ಗ್ಯಾಸು ಸೋರ್ತಾ ಇತ್ತು. ನಂಗೆ ಮೂಗು ಸತ್ತುಹೋಗಿ ಬಹಳ ದಿನ ಆಗಿದೆ. ಅವತ್ತು ನಾನು ಏನೂ ನೋಡ್ಲಿಲ್ಲ, ನೋಡಿದ ಹಾಗೆ ಮಾಡ್ದೆ.”

ಮೂಗು ಕಟ್ಟಿದವನ ಮಾತು, ಅರ್ಧ ಅಕ್ಷರ ಕೇಳಿಸುತ್ತಿರಲಿಲ್ಲ. ಅತ್ತೆ ಏನಂದೆ ಎಂದು ಕೇಳಿದಳು. ಇನ್ನೊಮ್ಮೆ ಹೇಳಿದ. ಇವಳು ಬರ್ತಾ ಇದೆ ಎಂದು ಎರಡು ಸಲ ಹೇಳಿದ್ದಳು, ನಾನೇ ಇಲ್ಲ ಎಂದೆ ಎಂಬುದನ್ನೂ ಸೇರಿಸಿ ಹೇಳಿದ. ಅತ್ತೆ ಒಮ್ಮೆ ಅವನನ್ನು, ಒಮ್ಮೆ ಗೋಡೆಯನ್ನು ನೋಡಿದಳು. ಸೊಸೆಯ ಕಡೆ ನೋಡಲು ಸ್ವಲ್ಪ ಹೊತ್ತು ಹಿಡಿಯಿತು.

ಸೊಸೆ ಮೂಗಣ್ಣನನ್ನು ಬೈಯಲಿಲ್ಲ. ಅವನಿಗೇನೋ ಬೈಗುಳವೇ ಬೇಕಾಗಿತ್ತು. ಅವಳು ಅವನ ಕಡೆ ತಿರುಗಲೂ ಇಲ್ಲ.

“ನಾನು ಆರಿಸಿದ್ದೆ ಅಂತ ಅವತ್ತೇ ಹೇಳಿದ್ನಲ್ಲ ಅತ್ತೆ,” ಎಂದಳು. ಮೆಲ್ಲಗೆ, ಒಂದೇ ಸಲ.

ಆಮೇಲೆ ಒಳಗೆ ಹೋಗಿ ಫೋನ್ ತಂದಳು. ಎಡಗೈಯ ಹೆಬ್ಬೆರಳಿನಿಂದ ನಂಬರು ಒತ್ತಿ, ಆ ಕಡೆ ರಿಂಗಾಗುತ್ತಿದ್ದಂತೆಯೇ ಅದನ್ನು ಮೂಗಣ್ಣನ ಮುಂದೆ ಹಿಡಿದಳು.

“ನಮ್ಮ ಮನೆಯವರು. ಅವರಿಗೂ ಒಂದ್ಸಲ ಹೇಳಿ ಅಣ್ಣಾ.”

ಫೋನಿನಲ್ಲಿ ಗಂಡಸಿನ ದನಿ, ಏನೇ ಈಗ, ಏನು ಮಾಡಿದೆ ಎಂದಿತು. ಮೂಗಣ್ಣ ಫೋನ್ ಕಿವಿಗಿಟ್ಟುಕೊಂಡು ಮೊದಲಿಂದ ಹೇಳತೊಡಗಿದ.